ಖಾಲಿ ಸೀಸೆ

ಬಂಗಾರಪೇಟೆ
೨೦-೩-೧೯೩೮

ಚಿ॥ ಸೌ॥ ಆದಿಲಕ್ಷ್ಮಿಗೆ ಅಕ್ಕ ಅಶ್ವತ್ಥಮ್ಮನ ಆಶೀರ್ವಾದಗಳು.

ಮಗುವಿಗೆ ಮೂರು ತಿಂಗಳು ತುಂಬಿತು. ಗಂಗೆ ಪೂಜೆ ಯಾವತ್ತು ಎಂದು ನಿಮ್ಮ ಮನೆಯಿಂದ ಇನ್ನೂ ಕಾಗದ ಬಂದಿಲ್ಲ. ಬಾವಿಗೆ ಪೂಜೆ ಮಾಡಿ ನೀರು ಸೇದಿ ತರುವವರೆಗೆ ನೀನು ಬಾಣಂತಿಯೇ. ನಿನ್ನ ಅತ್ತೆ ಎಷ್ಟು ದಿನ ಒಬ್ಬರೇ ಮನೆ ತೂಗಿಸುತ್ತಾರೆ?

ಗಣಿ ಕೆಲಸದವರ ಮನೆಸಾಲು, ನಿಮ್ಮ ಲೈನಿನಲ್ಲಿ ಬಾವಿ ಇಲ್ಲ, ನಲ್ಲಿ ಮಾತ್ರ. ಆದ್ದರಿಂದ ಕ್ಯಾಸಂಬಳ್ಳಿಯ ನಿಮ್ಮ ಹಳ್ಳಿಮನೆಯ ಬಾವಿಯಲ್ಲೇ ಮಾಡುತ್ತಾರೆಂದು ತಿಳಿದಿದ್ದೇನೆ. ತಾಯಿ ಮಗುವನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಬಾಗಿ ನೀರು ತೋರಿಸುವುದು ನಿಮ್ಮಲ್ಲಿ ವಾಡಿಕೆಯಂತೆ. ನಿನ್ನ ಅತ್ತೆ ಚಿಕ್ಕವೆಂಕಟಮ್ಮನವರು ಮದುವೆಯ ದಿನವೇ ಇದನ್ನು ಹೇಳಿದ್ದರು. ಅಮ್ಮ ಇಲ್ಲದ ಮೇಲೆ ತವರಿನ ಸೀರೆಯನ್ನು ನಾನೇ ತರಬೇಕು. ಹಸಿರು ಅಂಚಿನದು ತೆಗೆದಿಟ್ಟಿದ್ದೇನೆ. ಮಂಗಳಕಾರ್ಯದಲ್ಲಿ ನಾನು ಮುಂದೆ ಬರುವುದಿಲ್ಲ. ಎಲ್ಲಾದರೂ ಹಿಂದೆ ನಿಂತು ನೋಡಿಕೊಂಡು ಸಂಜೆಯ ಗಾಡಿಗೆ ಹೊರಟುಬಿಡುತ್ತೇನೆ. ಶಾಲೆಗೆ ಒಂದೇ ದಿನ ರಜೆ ಸಾಕು.

ದಿನ ಗೊತ್ತಾದ ಕೂಡಲೆ ಬರೆ.

ಅಶ್ವತ್ಥಮ್ಮ


ಚಾಂಪಿಯನ್ ರೀಫ್ ಲೈನು, ಚಿನ್ನದ ಗಣಿ
೨೬-೩-೧೯೩೮

ಅಕ್ಕನಿಗೆ ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ಮಗು ಆರೋಗ್ಯವಾಗಿದ್ದಾಳೆ. ಗಂಗೆ ಪೂಜೆ ಮುಂದಕ್ಕೆ ಹೋಗಿದೆ. ಯಾವಾಗ ಎಂದು ಈಗಲೇ ಹೇಳುವ ಹಾಗಿಲ್ಲ. ಸೀರೆ ನಿನ್ನ ಹತ್ತಿರವೇ ಇರಲಿ. ಸದ್ಯಕ್ಕೆ ನೀನು ಈ ಕಡೆ ಬರಬೇಡ.

ಆದಿಲಕ್ಷ್ಮಿ


ಬಂಗಾರಪೇಟೆ
೩-೪-೧೯೩೮

ಆದಿಲಕ್ಷ್ಮಿಗೆ ಆಶೀರ್ವಾದ.

ಕಾಗದ ತಲುಪಿತು. ವಿಷಯ ಅರ್ಥವಾಯಿತು. ನಾನಾಗಿ ಬರುವುದಿಲ್ಲ, ಮತ್ತೆ ಕೇಳುವುದೂ ಇಲ್ಲ. ಸೀರೆಯನ್ನು ಪಕ್ಕದ ಮನೆಯ ಮುನಿಸ್ವಾಮಪ್ಪನವರ ಕೈಯಲ್ಲಿ ಕಳಿಸಿದ್ದೇನೆ. ಅವರು ವಾರಕ್ಕೊಮ್ಮೆ ಮಾರಿಕುಪ್ಪಂಗೆ ಬರುತ್ತಾರೆ.

ಅಶ್ವತ್ಥಮ್ಮ


ಚಾಂಪಿಯನ್ ರೀಫ್ ಲೈನು
೨೨-೪-೧೯೩೮

ಅಕ್ಕನಿಗೆ ನಮಸ್ಕಾರಗಳು.

ಸೀರೆ ಬಂತು. ನಿನ್ನ ಕಾಗದ ಇಷ್ಟು ಚಿಕ್ಕದಾಗಿದ್ದದ್ದು ಇದೇ ಮೊದಲು.

ಒಂದು ಸಂಗತಿ ಹೇಳಬೇಕು. ನಾನು ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಮಗುವಿಗೆ ಸಿಡುಬು ಬರದ ಹಾಗೆ ಅಚ್ಚು ಹಾಕಿಸಲು ಆಂಡರ್ಸನ್‌ಪೇಟೆಯ ಹೆಂಗಸರ ಔಷಧಾಲಯಕ್ಕೆ ಹೋಗಿದ್ದೆವು. ಅಲ್ಲಿಗೆ ಹೊಸದಾಗಿ ಒಬ್ಬರು ಡಾಕ್ಟರಮ್ಮ ಬಂದಿದ್ದಾರೆ, ಮದರಾಸಿನ ಕಡೆಯವರು. ಅಚ್ಚು ಹಾಕುವಾಗ ಮಗುವನ್ನು ಹಿಡಿದುಕೋ ಎಂದರು. ನಾನು ಹಿಡಿಯಲಿಲ್ಲ, ಅತ್ತೆ ಹಿಡಿದರು. ಡಾಕ್ಟರಮ್ಮ ನನ್ನ ಕಡೆ ನೋಡಿ, ‘ಗುರುವಾರ ಮಧ್ಯಾಹ್ನ ನೀನೊಬ್ಬಳೇ ಬಾ’ ಎಂದರು.

ಅತ್ತೆ ನನ್ನನ್ನು ಒಬ್ಬಳೇ ಕಳಿಸುತ್ತಾರೆಯೇ? ಔಷಧಿಗೆ ನಮ್ಮದೇ ಸೀಸೆ ಒಯ್ಯಬೇಕಲ್ಲ, ಅದನ್ನು ಬೂದಿ ಹಾಕಿ ತೊಳೆದು, ಎಷ್ಟೆಷ್ಟು ಕುಡಿಯಬೇಕು ಎಂದು ತಿಳಿಯಲು ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ, ಸೆರಗಿನಲ್ಲಿ ಸುತ್ತಿಕೊಂಡು ಜೊತೆಗೆ ಹೊರಟರು. ಡಾಕ್ಟರಮ್ಮ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಆಯಾ ಅಮ್ಮಾಜಮ್ಮ ಬಾಗಿಲು ಮುಚ್ಚಿದಳು.

ಒಳಗೆ ಎರಡು ಕುರ್ಚಿ. ನಾಡಿ ಹಿಡಿಯಲಿಲ್ಲ, ನಾಲಿಗೆ ತೋರಿಸು ಎನ್ನಲಿಲ್ಲ. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ತಮಿಳಿನಲ್ಲೇ ಹೇಳಿದರು: ‘ಪ್ರತಿ ಗುರುವಾರ ಇದೇ ಹೊತ್ತಿಗೆ ಬಾ. ಮನಸ್ಸಿಗೆ ಏನು ಬರುತ್ತದೋ ಅದನ್ನು ಬಂದ ಹಾಗೇ ಹೇಳು, ತಿದ್ದಬೇಡ. ನೀನು ಹೇಳಿದ್ದು ನನ್ನಿಂದ ನಿನ್ನ ಗಂಡನಿಗಾಗಲಿ ಅತ್ತೆಗಾಗಲಿ ತಿಳಿಯುವುದಿಲ್ಲ. ಕೆಲವು ದಿನ ಬಂದಾಗ ಇದ್ದುದಕ್ಕಿಂತ ಭಾರವಾಗಿ ಮನೆಗೆ ಹೋಗುತ್ತೀಯ. ಅದಕ್ಕೆ ಹೆದರಿ ನಿಲ್ಲಿಸಬೇಡ.’

ನಾನು ಹುರುಳಿ ಸಾರಿನ ವಿಷಯ ಹೇಳಿದೆ. ಆಮೇಲೆ ನಲ್ಲಿಯ ಹತ್ತಿರದ ಜಗಳದ ವಿಷಯ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಹೊತ್ತಾಯಿತು, ಮುಂದಿನ ಗುರುವಾರ ಬಾ ಎಂದರು.

ಹೊರಗೆ ಬಂದರೆ ಅತ್ತೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

‘ಅಷ್ಟೊತ್ತು ಒಳಗ್ ಕುಂತಿದ್ಯಲ್ಲ, ಏನ್ ಮಾಡಿದ್ಲು ಆ ತಾಯಿ?’

‘ಏನಿಲ್ಲ ಅತ್ತೆ, ಮಾತಾಡಿದ್ವಿ.’

‘ಮಾತಾಡಾಕೆ ಡಾಕ್ಟ್ರು ಯಾಕಮ್ಮೀ? ನಲ್ಲೀತಾವ ಓಗಿದ್ರೆ ಆಯ್ತಿತ್ತು.’

ಈಗ ಮೂರು ಗುರುವಾರವಾಯಿತು. ಪ್ರತಿ ಸಲವೂ ಸೀಸೆ ತೊಳೆದುಕೊಂಡು ಬರುತ್ತಾರೆ, ಖಾಲಿ ಒಯ್ಯುತ್ತಾರೆ. ಲೈನಿನಲ್ಲಿ ಎಲ್ಲರೂ ನಗುತ್ತಾರೆ.

ಆದಿಲಕ್ಷ್ಮಿ


ಬಂಗಾರಪೇಟೆ
೨೭-೪-೧೯೩೮

ಆದಿಲಕ್ಷ್ಮಿಗೆ ಆಶೀರ್ವಾದ.

ನಾಲ್ಕು ಪುಟ ಬರೆದಿದ್ದೀಯ. ಕಾಯಿಲೆ ಏನು ಎಂಬುದು ಮಾತ್ರ ಅದರಲ್ಲಿ ಇಲ್ಲ. ಜ್ವರವೇ, ನಂಜೇ, ಎದೆಹಾಲು ಕಟ್ಟಿದೆಯೇ? ಔಷಧಿ ಕೊಡದ ಡಾಕ್ಟರನ್ನು ನಾನು ಕಂಡಿಲ್ಲ. ಕೊಡುವ ಔಷಧಿಯೇ ಇಲ್ಲದ ಕಾಯಿಲೆಯಾಗಿದ್ದರೆ ಅದನ್ನು ನನ್ನಿಂದ ಮುಚ್ಚಿಡಬೇಡ.

ಇನ್ನೊಂದು ಮಾತು. ನನ್ನನ್ನು ಬರಬೇಡ ಎಂದದ್ದು ಯಾಕೆಂದು ನನಗೆ ಗೊತ್ತು. ಹಣೆಯಲ್ಲಿ ಕುಂಕುಮವಿಲ್ಲದವಳು ಬಾವಿಕಟ್ಟೆಯ ಹತ್ತಿರ ಸುಳಿಯಬಾರದೆಂದು ನಿಮ್ಮ ಮನೆಯವರಿಗೆ ಅನ್ನಿಸಿದ್ದರೆ ಅದು ಹೊಸದೇನಲ್ಲ. ಅದನ್ನು ನೀನು ನೇರವಾಗಿ ಬರೆದಿದ್ದರೆ ಸಾಕಾಗಿತ್ತು. ನಿನಗೆ ಅಕ್ಷರ ಕಲಿಸಿದವಳು ನಾನು.

ಅಶ್ವತ್ಥಮ್ಮ


ಚಾಂಪಿಯನ್ ರೀಫ್ ಲೈನು
೨೦-೫-೧೯೩೮

ಅಕ್ಕ,

ನೀನು ತಿಳಿದುಕೊಂಡದ್ದು ತಪ್ಪು. ಅತ್ತೆಗೆ ನಿನ್ನ ವಿಷಯದಲ್ಲಿ ಏನೂ ಇಲ್ಲ. ಬರಬೇಡ ಎಂದವಳು ನಾನು. ನೀನು ಬಂದಿದ್ದರೆ ನನ್ನ ಮುಖ ನೋಡಿದ ಕೂಡಲೆ ಕೇಳುತ್ತಿದ್ದೆ. ಕೇಳಿದರೆ ಹೇಳಬೇಕಾಗುತ್ತಿತ್ತು.

ಮಾಘದಲ್ಲಿ ಒಂದು ದಿನ ಕ್ಯಾಸಂಬಳ್ಳಿಗೆ ಹೋಗಿದ್ದೆವು. ಮಗು ನನ್ನ ಹೆಗಲ ಮೇಲೆ ಮಲಗಿತ್ತು. ಅತ್ತೆ ನೀರು ಸೇದುತ್ತಿದ್ದರು, ನಾನು ಬಾವಿಕಟ್ಟೆಯ ಪಕ್ಕ ನಿಂತಿದ್ದೆ. ಹಗ್ಗ ಕೈಜಾರಿ ಕೊಡ ಕೆಳಗೆ ಹೋಗಿ ಬಿತ್ತು. ಆ ಶಬ್ದ ಕೇಳಿದಾಗ ನನಗೆ ಒಂದು ಯೋಚನೆ ಬಂತು. ನಾನೂ ಹೀಗೆ ಕೈಬಿಟ್ಟರೆ?

ಅಷ್ಟೆ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ನೀರಿನ ಡ್ರಮ್ಮು ನೋಡಿದರೆ ಬರುತ್ತದೆ. ಒಲೆ ನೋಡಿದರೆ, ಈಳಿಗೆಮಣೆ ನೋಡಿದರೆ ಬರುತ್ತದೆ. ಆಮೇಲೆ ನಾನು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ಹಾಲು ಕೊಡುವಾಗ ಅತ್ತೆ ಪಕ್ಕದಲ್ಲಿ ಇರಬೇಕು. ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ಗಂಗೆ ಪೂಜೆ ತಳ್ಳಿದೆ. ಅತ್ತೆ ಗಾಳಿ ಸೋಕಿದೆ ಎಂದು ಆರುಮುಗಂ ಪೂಜಾರಿಯ ಹತ್ತಿರ ದಾರ ಕಟ್ಟಿಸಿದರು. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪೂಜಾರಿ ಕೇಳಿದ, ಅತ್ತೆ ಹೇಳಿದರು, ದಾರ ನನ್ನ ತೋಳಿಗೆ ಬಂತು.

ಡಾಕ್ಟರಮ್ಮನ ಎದುರು ಐದನೆಯ ಗುರುವಾರ ಹೇಳಿದೆ. ಕನ್ನಡದಲ್ಲಿ ಹೇಳಲಾಗಲಿಲ್ಲ. ಅವತ್ತು ನಲ್ಲಿಯ ಹತ್ತಿರ ಕಲಿತ ತಮಿಳು ಉಪಯೋಗಕ್ಕೆ ಬಂತು. ತಮಿಳಿನಲ್ಲಿ ಹೇಳಿದರೆ ಬೇರೆ ಯಾರದೋ ಮಾತಿನಂತೆ ಇತ್ತು. ಹೇಳಿ ತಲೆ ತಗ್ಗಿಸಿದೆ. ಪೊಲೀಸರನ್ನು ಕರೆಯುತ್ತಾರೆ, ಇಲ್ಲವೇ ಹುಚ್ಚಾಸ್ಪತ್ರೆಗೆ ಬರೆದುಕೊಡುತ್ತಾರೆ ಎಂದುಕೊಂಡೆ. ಅವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ‘ನನ್ನ ಎದುರು ಕೂತು ಇದನ್ನು ಹೇಳಿದವರಲ್ಲಿ ನೀನು ಮೊದಲನೆಯವಳಲ್ಲ’ ಎಂದರು. ಆಮೇಲೆ ಕೇಳಿದರು: ‘ಆ ಯೋಚನೆ ಬಂದಾಗ ನಿನ್ನ ಕೈ ಏನು ಮಾಡುತ್ತದೆ?’

ನಾನು ಯಾವತ್ತೂ ಕೈಯನ್ನು ನೋಡಿರಲಿಲ್ಲ. ನೆನಪು ಮಾಡಿಕೊಂಡೆ. ‘ಬಿಗಿಯಾಗಿ ಹಿಡಿಯುತ್ತದೆ’ ಎಂದೆ.

‘ಪ್ರತಿ ಸಲವೂ?’

‘ಪ್ರತಿ ಸಲವೂ.’

ಅವತ್ತು ಮನೆಗೆ ಬಂದು ಅತ್ತೆ ಹೆದರುವಷ್ಟು ಅತ್ತುಬಿಟ್ಟೆ. ಅದರ ಮುಂದಿನ ವಾರ ಹೋಗುವುದೇ ಬೇಡ ಎನ್ನಿಸಿತು. ಆದರೂ ಹೋದೆ. ಈಗ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ನಿನಗೆ. ಮೊದಲನೆಯ ಸಲ.

ಆದಿಲಕ್ಷ್ಮಿ


ಬಂಗಾರಪೇಟೆ
೨೨-೫-೧೯೩೮

ಆದೀ,

ಈಗ ತಾನೇ ಕಾಗದ ಓದಿದೆ. ನಿನ್ನ ಮೇಲೆ ನನಗೆ ಕೋಪವಿಲ್ಲ, ಅಸಹ್ಯವಿಲ್ಲ. ಅದನ್ನು ಮೊದಲು ತಿಳಿದುಕೋ.

ಮಗುವನ್ನು ನನಗೆ ಕೊಡು. ನೀನು ಗುಣವಾಗುವವರೆಗೆ ನಾನು ಸಾಕುತ್ತೇನೆ. ನಿನ್ನನ್ನು ಸಾಕಲಿಲ್ಲವೇ? ಎದುರುಮನೆಯ ಮಂಗಮ್ಮನಿಗೆ ಎಳೆಗೂಸಿದೆ, ಹಾಲಿಗೆ ತೊಂದರೆಯಿಲ್ಲ. ಬರುವ ಭಾನುವಾರ ಬೆಳಗಿನ ಗಾಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ. ನಿನ್ನ ಗಂಡ ಕೊಂಡಪ್ಪನಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ. ಅಲ್ಲಿಯವರೆಗೆ ಬಾವಿಯ ಕಡೆ, ಒಲೆಯ ಕಡೆ ಹೋಗಬೇಡ.

ಅಕ್ಕ


ಚಾಂಪಿಯನ್ ರೀಫ್ ಲೈನು
೨೪-೫-೧೯೩೮

ಅಕ್ಕ,

ಭಾನುವಾರ ಬರಬೇಡ. ಎರಡನೆಯ ಸಲ ಹೀಗೆ ಬರೆಯುತ್ತಿದ್ದೇನೆ. ಈ ಸಲ ಕಾರಣವನ್ನೂ ಬರೆಯುತ್ತೇನೆ.

ನೀನು ಹೇಳಿದ್ದನ್ನೇ ನಾನು ನಾಲ್ಕು ತಿಂಗಳಿನಿಂದ ಮಾಡಿದ್ದೇನೆ. ಬಾವಿ ಬಿಟ್ಟೆ. ಡ್ರಮ್ಮು ಬಿಟ್ಟೆ. ಒಲೆ ಬಿಟ್ಟೆ. ಬಿಟ್ಟಷ್ಟೂ ಅದು ಬೆಳೆಯಿತು. ಕೊನೆಗೆ ಬಿಡಲು ಉಳಿದಿದ್ದದ್ದು ಮಗು ಒಂದೇ. ನೀನು ಅವಳನ್ನು ಒಯ್ದರೆ ಆ ಯೋಚನೆ ಹೇಳಿದ್ದು ನಿಜ ಎಂದು ನಾವಿಬ್ಬರೂ ಒಪ್ಪಿಕೊಂಡ ಹಾಗೆ. ಆಮೇಲೆ ನಾನು ಅವಳನ್ನು ಯಾವ ಧೈರ್ಯದಿಂದ ವಾಪಸು ಕೇಳಲಿ?

ಇದು ಡಾಕ್ಟರಮ್ಮನ ಮಾತಲ್ಲ, ನನ್ನದು. ಅವರು ಕೇಳುತ್ತಾರೆ, ಹೇಳುವುದು ಕಡಿಮೆ.

ನಮ್ಮವರಿಗೆ ನಾನೇ ಹೇಳಿದೆ. ಅವರು ಗಣಿಯೊಳಕ್ಕೆ ಇಳಿಯುವ ಆಳದ ಶಾಫ್ಟಿನ ಬಾಯಿಯ ಹತ್ತಿರ ಆಸರೆಯ ಮರ ಇಳಿಸುವ ಕೆಲಸದವರು, ನಿನಗೆ ಗೊತ್ತಲ್ಲ. ಬಹಳ ಹೊತ್ತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಅಂದರು: ‘ಶಾಫ್ಟಿನ ಅಂಚಲ್ಲಿ ನಿಂತ್ಕಂಡಾಗ ನಂಗೂ ಅನ್ಸ್ತದೆ ಕಣೇ, ಒಳಕ್ಕೆ ಆರ್ಬುಟ್ರೆ ಎಂಗೆ ಅಂತ. ಅದಕ್ಕೇ ಕಂಬಿ ಗಟ್ಟಿಯಾಗಿ ಇಡ್ಕಂತೀನಿ. ಅಂಗಂತ ಕೆಲ್ಸ ಬುಟ್ಟಿದ್ದೀನಾ?’

ಅಕ್ಕ, ಅವರು ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ನಿನ್ನನ್ನು ನಾನೇ ಕರೆಯುತ್ತೇನೆ. ಮಗುವನ್ನು ಒಯ್ಯಲು ಅಲ್ಲ. ಅಲ್ಲಿಯವರೆಗೆ ಕಾದಿರು.

ಆದಿಲಕ್ಷ್ಮಿ


ಬಂಗಾರಪೇಟೆ
೧೨-೬-೧೯೩೮

ಆದೀ,

ತಡವಾಗಿ ಬರೆಯುತ್ತಿದ್ದೇನೆ. ಆ ಭಾನುವಾರ ನಾನು ಸ್ಟೇಷನ್ನಿಗೆ ಹೋದೆ. ಟಿಕೆಟ್ಟನ್ನೂ ತೆಗೆದುಕೊಂಡೆ. ನಿನ್ನ ಕಾಗದ ಕೈಚೀಲದಲ್ಲಿತ್ತು. ಗಾಡಿ ಬಂತು, ಹೊರಟಿತು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಮುನಿಸ್ವಾಮಪ್ಪನವರು ಕಿಟಕಿಯಿಂದ, ‘ಏನಮ್ಮಾ, ಗಾಡಿ ಅತ್ತಲ್ವಾ?’ ಎಂದು ಕೂಗಿದರು. ಇಲ್ಲ ಎಂದು ತಲೆಯಾಡಿಸಿದೆ.

ಶಾಲೆಯಲ್ಲಿ ಮಕ್ಕಳಿಗೆ ಸುಮ್ಮನೆ ಕೂತು ಕೇಳಿ ಎಂದು ಇಷ್ಟು ವರ್ಷ ಹೇಳಿದ್ದೇನೆ. ಅದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ಕಾಯುತ್ತೇನೆ.

ಅಕ್ಕ


ಚಾಂಪಿಯನ್ ರೀಫ್ ಲೈನು
೧೫-೭-೧೯೩೮

ಅಕ್ಕ,

ಮಗುವಿಗೆ ನಾನೇ ನೀರು ಹಾಕುತ್ತಿದ್ದೇನೆ. ಮೊದಲ ದಿನ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಎರಡನೆಯ ದಿನ ಹಿತ್ತಲಲ್ಲಿ, ಈಗ ಎದುರುಮನೆಗೆ ಹರಟೆಗೆ ಹೋಗುತ್ತಾರೆ. ಯೋಚನೆ ಬರುತ್ತದೆ. ಬಂದಾಗ ನನ್ನ ಕೈ ನೋಡಿಕೊಳ್ಳುತ್ತೇನೆ. ಅದು ತನ್ನ ಕೆಲಸ ಮಾಡುತ್ತಿರುತ್ತದೆ.

ಎಲ್ಲವೂ ನೇರವಾಗಿ ನಡೆಯಲಿಲ್ಲ. ಹೋದ ತಿಂಗಳು ಗಣಿಯೊಳಗೆ ಬಂಡೆ ಸಿಡಿದು ಲೈನು ಪೂರ್ತಿ ನಡುಗಿತು, ಗೂಡಿನಿಂದ ಪಾತ್ರೆ ಬಿದ್ದವು. ನಮ್ಮವರು ಮನೆಗೆ ಬರುವವರೆಗೆ ನಾನು ಮಗುವನ್ನು ಮುಟ್ಟಲಿಲ್ಲ. ಎಲ್ಲ ಮೊದಲಿಗೇ ಬಂತು ಎಂದು ಗುರುವಾರ ಡಾಕ್ಟರಮ್ಮನ ಎದುರು ಅತ್ತುಬಿಟ್ಟೆ. ‘ಮೊದಲಿನ ಸಲ ಎಷ್ಟು ದಿನ ಮುಟ್ಟಲಿಲ್ಲ, ಈ ಸಲ ಎಷ್ಟು ಹೊತ್ತು?’ ಎಂದು ಕೇಳಿದರು. ನಾನು ಅಳುವುದನ್ನು ನಿಲ್ಲಿಸಿದೆ.

ಈಗ ಮುಖ್ಯ ವಿಷಯ. ಅತ್ತೆ ಸೋತುಹೋಗಿ, ‘ಓಗ್ಲಿ ಬುಡಮ್ಮೀ, ಇಲ್ಲೇ ನಲ್ಲೀಗೆ ಅರ್ಸಿಣ ಕುಂಕ್ಮ ಇಟ್ಟು ಮುಗಿಸ್ಬುಡು. ಲೈನಲ್ಲಿ ಎಲ್ರೂ ಅಂಗೇ ಮಾಡ್ತಾರೆ. ಇನ್ನೂ ತಡ ಮಾಡಿದ್ರೆ ನಿನ್ ಮಗ್ಳೇ ನೀರ್ ಸೇದಾಳು’ ಎಂದರು. ನಲ್ಲಿಗೆ ಕಟ್ಟೆಯಿಲ್ಲ, ಆಳವಿಲ್ಲ, ಮಗುವಿಗೆ ತೋರಿಸಬೇಕಾದದ್ದೂ ಏನಿಲ್ಲ. ಆ ದಿನ ಪೂರ್ತಿ ಹಗುರವಾಗಿದ್ದೆ. ಸಂಜೆ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತಾಗ ಗೊತ್ತಾಯಿತು: ಇಲ್ಲಿ ಮಾಡಿದರೆ ಆ ಬಾವಿ ಯಾವಾಗಲೂ ಅಲ್ಲೇ ಇರುತ್ತದೆ.

ಕ್ಯಾಸಂಬಳ್ಳಿಯಲ್ಲೇ ಮಾಡುತ್ತೇನೆ ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಷಾಢ ಕಳೆದ ಮೇಲೆ ಶ್ರಾವಣದಲ್ಲಿ, ಆಗಸ್ಟ್ ಐದನೆಯ ತಾರೀಕು ಶುಕ್ರವಾರ ಎಂದು ನಿಶ್ಚಯವಾಗಿದೆ. ನೀನು ಬರಬೇಕು.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ಮಾಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಆದರೆ ಅವರ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು.

ಆದಿಲಕ್ಷ್ಮಿ


ಬಂಗಾರಪೇಟೆ
೧೮-೭-೧೯೩೮

ಬರುತ್ತೇನೆ. ಹೆದರಿಕೆಯಾಗುತ್ತಿದೆ. ಆದರೂ ಬರುತ್ತೇನೆ. ಯಾರಿಗೂ ಅಡ್ಡವಾಗದಂತೆ ಹಿಂದೆ ನಿಲ್ಲುತ್ತೇನೆ.

ಅಕ್ಕ


ಬಂಗಾರಪೇಟೆ
೭-೮-೧೯೩೮

ಆದೀ,

ಮೊನ್ನೆ ಇಡೀ ದಿನ ಜೊತೆಗಿದ್ದೆವು. ಆದರೂ ಬರೆಯುತ್ತಿದ್ದೇನೆ. ನೀನು ಬಾವಿಯ ಕಡೆ ಮುಖ ಮಾಡಿದ್ದೆ, ನಾನು ಹಿಂದೆ ನಿಂತಿದ್ದೆ. ನಾನು ಕಂಡದ್ದನ್ನು ನೀನು ಕಾಣಲಿಲ್ಲ.

ಹಸಿರು ಅಂಚಿನ ಸೀರೆಯಲ್ಲಿ ನೀನು ಬಾಗಿಲಿಂದ ಇಳಿದೆ. ಮಗು ನಿನ್ನ ಕಂಕುಳಲ್ಲಿತ್ತು. ಕಟ್ಟೆಗೆ ಇನ್ನೂ ನಾಲ್ಕು ಮಾರು ಇರುವಾಗ ನೀನು ನಿಂತುಬಿಟ್ಟೆ. ಕೊಂಡಪ್ಪ ಒಂದು ಹೆಜ್ಜೆ ಮುಂದಿಟ್ಟ, ಮತ್ತೆ ಹಿಂದಕ್ಕೆ ಸರಿದ. ನಾನು ಓಡಿಬಂದು ಮಗುವನ್ನು ಕಿತ್ತುಕೊಳ್ಳದೆ ಇರಲು ಹುಣಸೆಮರದ ಕೊಂಬೆ ಹಿಡಿದುಕೊಂಡಿದ್ದೆ. ಅಂಗೈಯಲ್ಲಿ ಅದರ ಗುರುತು ಇನ್ನೂ ಇದೆ. ನೀನು ತಲೆ ತಗ್ಗಿಸಿದೆ. ಪ್ರಾರ್ಥನೆ ಮಾಡುತ್ತಿದ್ದೀಯ ಎಂದು ಉಳಿದವರು ತಿಳಿದರು. ನೀನು ನಿನ್ನ ಕೈ ನೋಡಿಕೊಳ್ಳುತ್ತಿದ್ದೀಯೆಂದು ನನಗೆ ಗೊತ್ತಾಯಿತು.

ಆಮೇಲೆ ಹೋದೆ. ಅರಿಸಿನ ಹಚ್ಚಿದೆ, ಹೂವಿಟ್ಟೆ, ದೀಪ ಹಚ್ಚಿದೆ. ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಕಟ್ಟೆಯ ಮೇಲೆ ಬಾಗಿದೆ. ನಿನ್ನ ಬೆರಳುಗಳು ಅವಳ ಅಂಗಿಯನ್ನು ಹೇಗೆ ಹಿಡಿದಿದ್ದವು ಎಂದರೆ, ಆದೀ, ನಾಲ್ಕು ಜನ ಗಂಡಸರು ಬಂದಿದ್ದರೂ ಬಿಡಿಸಲು ಆಗುತ್ತಿರಲಿಲ್ಲ. ಅವಳು ನೀರಿನಲ್ಲಿ ತನ್ನ ಮುಖ ಕಂಡು ಕೇಕೆ ಹಾಕಿದಳು. ಬಾವಿಯೊಳಗಿಂದ ಅದೇ ಕೇಕೆ ಮೇಲೆ ಬಂತು. ಅವಳು ಬೆಚ್ಚಿ ನಿನ್ನ ಕಡೆ ನೋಡಿದಳು. ನೀನು ನಕ್ಕೆ. ಗಟ್ಟಿಯಾಗಿ, ಹಳ್ಳಿಗೆಲ್ಲ ಕೇಳುವ ಹಾಗೆ ನಕ್ಕೆ. ಅಮ್ಮ ಸತ್ತ ಮೇಲೆ ನಾನು ನಿನ್ನನ್ನು ಸಾಕಿದ್ದೇನೆ, ಇಂಥ ನಗು ನಿನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ನೀರು ಸೇದುವ ಹೊತ್ತಿಗೆ ಮಗುವನ್ನು ಹಿಡಿಯಲು ಅತ್ತೆ ಕೈ ಚಾಚಿದರೆ ನೀನು ಕೊಡಲಿಲ್ಲ. ‘ಅಕ್ಕ ಎಲ್ಲಿ?’ ಎಂದೆ. ನಾನು ಮರದ ಹಿಂದೆ ಇನ್ನಷ್ಟು ಸರಿದೆ. ಆಗ ಚಿಕ್ಕವೆಂಕಟಮ್ಮನವರು ಸೊಂಟದ ಮೇಲೆ ಕೈಯಿಟ್ಟು ಕೂಗಿದ್ದು ನಿನಗೂ ಕೇಳಿಸಿರಬೇಕು: ‘ಏನ್ ಇಸ್ಕೂಲಮ್ಮಾ, ಮರಕ್ಕೇನ್ ಪಾಠ ಏಳ್ಕೊಡ್ತಿದ್ದೀಯಾ? ಬಾ ಇಲ್ಲಿ, ಮಗೀನ್ ಇಡ್ಕೋ. ಇವ್ಳ್ನ ಸಾಕ್ದೋಳು ನೀನು, ನಾಚ್ಕೆ ಬ್ಯಾರೆ.’

ಬಾವಿಕಟ್ಟೆಯ ಪಕ್ಕದಲ್ಲಿ, ಎಲ್ಲರ ಎದುರು, ಮಗು ನನ್ನ ಕೈಯಲ್ಲಿತ್ತು. ನಾನು ಗಂಡನನ್ನು ಕಳೆದುಕೊಂಡಾಗಿನಿಂದ ಯಾವ ಪೂಜೆಯಲ್ಲೂ ಅಷ್ಟು ಮುಂದೆ ನಿಂತಿರಲಿಲ್ಲ. ನೀನು ಹಗ್ಗ ಎಳೆದೆ, ರಾಟೆ ಕಿರುಗುಟ್ಟಿತು, ತುಂಬಿದ ಕೊಡ ಮೇಲೆ ಬಂತು.

ಅಕ್ಕ


ಚಾಂಪಿಯನ್ ರೀಫ್ ಲೈನು
೧೨-೮-೧೯೩೮

ಅಕ್ಕ,

ನಿನ್ನ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. ಹುಣಸೆಕೊಂಬೆಯ ವಿಷಯ ಬಂದಾಗ, ತಾನು ಆ ಹೊತ್ತಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಪಕ್ಕದಲ್ಲಿದ್ದ ಕರುವಿನ ಕಿವಿ ಹಿಡಿದಿದ್ದೆ ಎಂದರು.

ನೀನು ಸಂಜೆಯ ಗಾಡಿಗೆ ಹೊರಟ ಮೇಲೆ ಅತ್ತೆ ಒಂದು ಕೆಲಸ ಮಾಡಿದರು. ಗಂಟಿನಿಂದ ಆ ಸೀಸೆ ತೆಗೆದರು. ಇಷ್ಟು ಗುರುವಾರ ಖಾಲಿ ಹೋಗಿ ಖಾಲಿ ಬಂದ ಅದೇ ಸೀಸೆ. ನಾನು ಸೇದಿ ತಂದ ನೀರನ್ನು ಅದರ ತುಂಬ ಹಾಕಿ ಬಿರಡೆ ಬಿಗಿದರು.

ನಿನ್ನೆ ಗುರುವಾರ ಔಷಧಾಲಯಕ್ಕೆ ಬಂದು, ಅಮ್ಮಾಜಮ್ಮ ಬಾಗಿಲು ಮುಚ್ಚುವ ಮೊದಲೇ ಒಳಗೆ ನುಗ್ಗಿ, ಸೀಸೆಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟರು. ಅವರಿಗೆ ಅರ್ಥವಾಗಲಿ ಎಂದು ತೆಲುಗು, ತಮಿಳು, ಕನ್ನಡ ಮೂರನ್ನೂ ಕಲಸಿ ಹೇಳಿದರು. ನಮ್ಮ ಬಾವಿಯ ಗಂಗೆ, ನನ್ನ ಸೊಸೆ ಸೇದಿದ್ದು, ನಿನಗೆ ಎಂದು.

ಡಾಕ್ಟರಮ್ಮ ಎದ್ದು ನಿಂತರು. ಸೀಸೆಯನ್ನು ಕೈಗೆ ತೆಗೆದುಕೊಂಡು, ಅತ್ತೆ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ್ದ ಪಟ್ಟಿಯನ್ನು ನೋಡಿ, ಗಂಭೀರವಾಗಿ, ತಮಗೆ ಬರುವಷ್ಟು ಕನ್ನಡದಲ್ಲಿ ಕೇಳಿದರು: ‘ದಿನಕ್ಕೆ ಎಷ್ಟು ಸಲ?’

ಅತ್ತೆ ಅಂದರು: ‘ಒಂದೇ ಸಲಕ್ಕೆ ಕುಡ್ದುಬುಡು ತಾಯಿ. ಇವ್ಳ್ಗೆ ವಾಸಿಯಾಗಿದೆ.’

ಆದಿಲಕ್ಷ್ಮಿ